ಆರು ಬೀಗ

ಕಿಸಕ್ಕಿಗೆ ಭಯವಾದರೆ ನಗು ಬರುತ್ತಿತ್ತು. ಸಿಟ್ಟು ಬಂದರೂ ನಗು. ಅಳಬೇಕಾದ ಹೊತ್ತಿನಲ್ಲಂತೂ ಹೊಟ್ಟೆ ಹಿಡಿದುಕೊಂಡು ನಗು. ಇದಕ್ಕಾಗಿ ಶಾಲೆಯಲ್ಲಿ ಏಟು ತಿಂದಳು. ಸಾವಿನ ಮನೆಯಲ್ಲಿ ಬೈಗುಳ ತಿಂದಳು. ಮದುವೆಯ ದಿನವೇ ಅತ್ತೆಯಿಂದ ತೊಡೆ ಚಿವುಟಿಸಿಕೊಂಡಳು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೇರಿಯವರಿಗೆಲ್ಲ ಅವಳು ಕಿಸಕ್ಕಿ.

ಕೇರಿ ಇದ್ದದ್ದು ಗುಡ್ಡದ ಬುಡದಲ್ಲಿ. ಮೊದಲು ನೆತ್ತಿಯ ಮೇಲಿತ್ತು. ಗಾಳಿ ಚೆನ್ನಾಗಿರುವುದು ನೆತ್ತಿಯಲ್ಲೇ ಅಂತ ಕಂಪನಿಯವರು ಅಲ್ಲಿ ಯಂತ್ರಗಳನ್ನು ನೆಟ್ಟರು, ಜನರನ್ನು ಕೆಳಗಿಳಿಸಿದರು. ನಲವತ್ತೊಂದು ಮನೆ. ಇಳಿಸುವಾಗ ಕಾಗದದಲ್ಲಿ ಬರೆದುಕೊಟ್ಟಿದ್ದರು, ಮನೆಮನೆಗೂ ಕರೆಂಟು ಅಂತ. ಹನ್ನೊಂದು ವರ್ಷವಾಯಿತು. ಒಂಬತ್ತು ಕಂಬ ಬಂದವು. ಕಂಪನಿಯ ಉಗ್ರಾಣದ ಹಿಂದೆ ಮಲಗಿದವು. ಏಳಲೇ ಇಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: ನಕ್ಷೆಯಲ್ಲಿ ಆ ಜಾಗದಲ್ಲಿ ಕೇರಿಯೇ ಇಲ್ಲ. ನಿಜ. ನಕ್ಷೆಯಲ್ಲಿ ಕೇರಿ ಇನ್ನೂ ನೆತ್ತಿಯ ಮೇಲೆಯೇ ಇತ್ತು. ದೇಶಕ್ಕೆ ಹೋಗುವ ದಪ್ಪ ತಂತಿ ಮಾತ್ರ ಅವರ ಸೂರುಗಳ ಮೇಲೇ ಹಾದುಹೋಗುತ್ತಿತ್ತು. ಮಂಜು ಬಿದ್ದ ಬೆಳಗು ಕಾದ ಬಾಣಲೆಯಂತೆ ಚರಗುಟ್ಟುತ್ತಿತ್ತು.

ಅತ್ತೆ ಮೂವತ್ತು ವರ್ಷ ಕಲ್ಲು ಪುಡಿಮಾಡುವ ಕ್ರಷರಿನಲ್ಲಿ ದುಡಿದವಳು. ಕಲ್ಲು ಪುಡಿಯಾಯಿತು, ಪುಡಿ ಅವಳ ಎದೆಯೊಳಗೆ ಹೋಯಿತು. ಈಗ ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ದೊಡ್ಡಾಸ್ಪತ್ರೆಯವರು ಒಂದು ಉಸಿರಿನ ಮಿಷನ್ನು ಕೊಟ್ಟು ಕಳಿಸಿದ್ದರು. ಪ್ಲಗ್ ಹಾಕಿ, ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು, ದಿನಕ್ಕೆ ಆರು ತಾಸು ಕೂತಿರಬೇಕು ಅಂದರು. ಪ್ಲಗ್ ಎಲ್ಲಿ ಹಾಕುವುದು ಅಂತ ಅವರು ಹೇಳಲಿಲ್ಲ. ಇವರೂ ಕೇಳಲಿಲ್ಲ. ಅಷ್ಟು ಬೆಳಕಿನ ಕೋಣೆಯಲ್ಲಿ ನಿಂತು ಅದನ್ನು ಕೇಳಲು ನಾಚಿಕೆಯಾಯಿತು.

ಹಾಗಾಗಿ ದಿನಾ ಬೆಳಿಗ್ಗೆ ಕಿಸಕ್ಕಿಯೂ ಅವಳ ನಾದಿನಿಯೂ ಅತ್ತೆಯನ್ನು ತಳ್ಳುಗಾಡಿಯಲ್ಲಿ ಕೂರಿಸಿ, ತೊಡೆಯ ಮೇಲೆ ಮಿಷನ್ನು ಇಟ್ಟು, ಏರು ಹತ್ತಿಸಿ ಕಂಪನಿಯ ಗೇಟಿಗೆ ತರುತ್ತಿದ್ದರು. ಇಬ್ಬರೂ ಕೆಲಸಕ್ಕೆ ಬರುವುದು ಅಲ್ಲಿಗೇ. ಗೇಟಿನ ಕಾವಲುಗಾರನ ಗೂಡಿನಲ್ಲಿ ಒಂದೇ ಪ್ಲಗ್ಗು, ಊರಿನಿಂದ ಬರುವ ಸಣ್ಣ ಲೈನಿನದು. ಅವನು ತನ್ನ ಫ್ಯಾನಿನದು ಕಿತ್ತು ಅತ್ತೆಯದು ಹಾಕುತ್ತಿದ್ದ.

"ನಿಮಗೆ ಉಸಿರು, ನನಗೆ ಬೆವರು ಕಣಮ್ಮ," ಅನ್ನುತ್ತಿದ್ದ.

"ಬೆವರು ಬಿಡಪ್ಪ. ಒಂದಿನಾನಾದ್ರೂ ಗಂಡ ಕೆಲಸ ಮಾಡ್ದ ಅಂತ ನಿನ್ ಹೆಂಡ್ತಿ ಖುಷಿಪಡ್ತಾಳೆ."

ಅತ್ತೆಗೆ ಉಸಿರು ಕಡಿಮೆ, ಬಾಯಿ ಜಾಸ್ತಿ. ಮಗ ದೂರದ ಬಂದರಿನಲ್ಲಿ ಹಡಗು ತೊಳೆಯುತ್ತಿದ್ದ. "ಗಂಡ ಹಡಗು ತೊಳೀತಾನೆ, ಹೆಂಡ್ತಿ ಕರೆಂಟ್ ತೊಳೀತಾಳೆ, ಮನೆ ಮುಸುರೆ ಮಾತ್ರ ನನ್ ತಲೆಗೆ," ಅಂತ ಹೋಗಿಬರುವ ಇಂಜಿನಿಯರುಗಳಿಗೆಲ್ಲ ಹೇಳುತ್ತಿದ್ದಳು.

ಕರೆಂಟ್ ತೊಳೆಯುವುದು ಅಂದರೆ ಇದು. ನೂರಿಪ್ಪತ್ತು ಗಾಳಿಯಂತ್ರಗಳ ಕರೆಂಟು ನೆಲದಡಿಯ ಕೇಬಲ್ಲಿನಲ್ಲಿ ಬಂದು ಒಂದೇ ಅಂಗಳದಲ್ಲಿ ಸೇರುತ್ತಿತ್ತು. ಅಲ್ಲಿಂದ ದಪ್ಪ ತಂತಿ ಹಿಡಿದು ದೇಶದ ಗ್ರಿಡ್ಡಿಗೆ. ಆ ಅಂಗಳಕ್ಕೆ ಸ್ವಿಚ್‌ಯಾರ್ಡ್ ಅನ್ನುತ್ತಾರೆ. ತಂತಿಗಳನ್ನು ಎತ್ತಿ ಹಿಡಿಯುವ ಪಿಂಗಾಣಿ ತಟ್ಟೆಗಳ ಸರಗಳು ಅಲ್ಲಿ ನೂರಾರು. ಅವುಗಳ ಮೇಲೆ ಧೂಳು ಕೂತರೆ ಕರೆಂಟು ಧೂಳಿನ ದಾರಿ ಹಿಡಿದು ನೆಲಕ್ಕೆ ಹಾರುತ್ತದೆ, ಇಡೀ ಲೈನು ನಿಂತುಹೋಗುತ್ತದೆ. ಅದಕ್ಕೆ ವರ್ಷಕ್ಕೆರಡು ಸಲ, ಗಾಳಿಯಿಲ್ಲದ ಬೆಳಗಿನ ಹೊತ್ತು ನೋಡಿ, ಎಲ್ಲ ನಿಲ್ಲಿಸಿ, ಕೇರಿಯ ಆರು ಹೆಂಗಸರು ಏಣಿ ಹತ್ತಿ ಒಂದೊಂದೇ ತಟ್ಟೆಯನ್ನು ಕೈಯಲ್ಲಿ ಒರೆಸುತ್ತಿದ್ದರು.

ನಿಲ್ಲಿಸುವುದಕ್ಕೂ ಕ್ರಮವಿತ್ತು. ಮೊದಲು ದೇಶದ ಕರೆಂಟಿನ ಲೆಕ್ಕ ನೋಡುವ ರಾಜಧಾನಿಯ ಗ್ರಿಡ್ ಡೆಸ್ಕಿಗೆ ಫೋನ್ ಮಾಡಿ ಲೈನ್ ನಿಲ್ಲಿಸುವ ಒಪ್ಪಿಗೆ, ಲೈನ್ ಕ್ಲಿಯರ್, ಕೇಳಬೇಕು; ಕೆಲಸ ಮುಗಿದರೆ ವಾಪಸ್ ಮಾಡಬೇಕು. ಎಲ್‌ಸಿ ಅನ್ನುತ್ತಾರೆ. ಅವರು ಒಪ್ಪಿದ ಮೇಲೆ ದೊಡ್ಡ ಸ್ವಿಚ್ಚಿನ ಹಿಡಿ ಇಳಿಸಿ, ಅದಕ್ಕೆ ಆರು ತೂತಿನ ಕೊಂಡಿ ಸಿಕ್ಕಿಸಿ, ಒಳಗೆ ಹೋಗುವ ಆರೂ ಜನ ತಮ್ಮ ತಮ್ಮ ಕೆಂಪು ಬೀಗ ಹಾಕಬೇಕು. ಬೀಗಕ್ಕೆ ಒಂದೇ ಕೀಲಿ. ಕೀಲಿ ಅವರವರ ಕೊರಳಲ್ಲಿ. ಎರಡು ವರ್ಷದ ಹಿಂದೆ ಇನ್ನೆಲ್ಲೋ ಒಬ್ಬ ಅಧಿಕಾರಿ ಅವಸರಕ್ಕೆ ಬಿದ್ದು ಬೀಗ ಕಡಿಸಿದ್ದ. ಒಳಗಿದ್ದ ಕೂಲಿಯವನು ಇದ್ದಿಲಾದ. ಅಂದಿನಿಂದ ಡೆಸ್ಕಿನವರ ನಿಯಮ: ಬೀಗ ಹಾಕಿದವರು ಒಬ್ಬೊಬ್ಬರೇ ಬಂದು, ತಮ್ಮ ಹೆಸರು ಹೇಳಿ, ತಮ್ಮ ಬಾಯಲ್ಲೇ ಫೋನಿನಲ್ಲಿ ಹೇಳಬೇಕು, ನಾನು ಹೊರಗಿದ್ದೇನೆ, ನನ್ನ ಬೀಗ ತೆಗೆದಿದ್ದೇನೆ ಅಂತ. ಆಮೇಲೆಯೇ ಲೈನಿಗೆ ಜೀವ. ಆ ಮಾತೆಲ್ಲ ರೆಕಾರ್ಡ್ ಆಗುತ್ತಿತ್ತು.

ಇಡೀ ಕಂಪನಿಯಲ್ಲಿ ಆ ಹೆಂಗಸರ ಮಾತಿಗೆ ಬೆಲೆಯಿದ್ದದ್ದು ವರ್ಷಕ್ಕೆ ಆ ಎರಡು ಸಲ, ಅರ್ಧರ್ಧ ನಿಮಿಷ.

ಆ ದಿನ ಬೆಳಿಗ್ಗೆ ಆರಕ್ಕೆ ಬೀಗ ಬಿತ್ತು. ಸೆಕೆಯ ಕಾಲ. ಎಂಟಕ್ಕೆಲ್ಲ ಕಬ್ಬಿಣ ಕಾದಿತ್ತು. ಪಿಂಗಾಣಿಯ ಅಂಚು ಬೆರಳು ಕೊಯ್ಯುತ್ತಿತ್ತು. ಕೊಯ್ದ ಜಾಗಕ್ಕೆ ಒರೆಸುವ ಔಷಧಿ ಹೋಗಿ ಉರಿಯುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಕಾಲು ಜೋಮು ಹಿಡಿದಿತ್ತು. ಕತ್ತು ಎತ್ತಿ ಎತ್ತಿ ಬೆನ್ನು ಹಲಗೆಯಾಗಿತ್ತು. ಆರೂ ಜನ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿರಲಿಲ್ಲ. ಕಂಟ್ರೋಲ್ ರೂಮಿನ ಶೌಚಾಲಯದ ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಅಂತ ಬರೆದಿತ್ತು. ಅದನ್ನು ದಿನಾ ತೊಳೆಯುವವಳು ಕಿಸಕ್ಕಿ.

ಹತ್ತೂವರೆಗೆ ಕೊನೆಯ ಸರ ಒರೆಸುತ್ತ ಅವಳು ಏಣಿಯ ತುದಿಯಲ್ಲಿದ್ದಳು. ಅಲ್ಲಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ಮ್ಯಾನೇಜರನ ಬಿಳಿ ಕಾರು ಬಂದು ನಿಂತಿತು. ಅವನು ಈ ಜಾಗಕ್ಕೆ ಬಂದು ಒಂದು ತಿಂಗಳಾಗಿತ್ತಷ್ಟೇ. ಇಳಿದ. ಗೂಡಿನೊಳಗೆ ಬಗ್ಗಿ ನೋಡಿದ. ಎಲೆ ಅಲ್ಲಾಡದ ಹೊತ್ತು. ಅವನ ಮಾತು ಅಂಗಳದವರೆಗೂ ಕೇಳಿಸಿತು.

"ಏನಯ್ಯಾ ಇದು? ಕಂಪನಿ ಕರೆಂಟ್ ಅಂದ್ರೆ ಧರ್ಮಛತ್ರ ಅಂದ್ಕೊಂಡ್ಯಾ? ಯಾರ್ ಬೇಕಾದ್ರೂ ಬಂದು ಮೂಗಿಗೆ ಹಾಕ್ಕೊಂಡು ಕೂತ್ಕೊಳ್ಳೋದಾ? ಇದು ಕಳ್ಳತನ!"

ಪ್ಲಗ್ ಕಿತ್ತ. ವೈರನ್ನು ಹಾವಿನಂತೆ ಎರಡು ಬೆರಳಲ್ಲಿ ಹಿಡಿದು ಹೊರಗೆಸೆದ.

ಕಾವಲುಗಾರ ತಲೆ ತಗ್ಗಿಸಿ ನಿಂತ. ಕಿಸಕ್ಕಿ ಕಾದಳು. ಅತ್ತೆ ಈಗ ಬಾಯಿ ಬಿಡುತ್ತಾಳೆ, ಇವನ ಏಳು ತಲೆಮಾರನ್ನು ಎಳೆದು ತರುತ್ತಾಳೆ ಅಂದುಕೊಂಡಳು. ಅತ್ತೆ ಎರಡೂ ಕೈ ಜೋಡಿಸಿದಳು.

"ತಪ್ಪಾಯ್ತು ಸಾರ್," ಅಂದಳು.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ ಆ ಮಾತು ಬಂದದ್ದನ್ನು ಕಿಸಕ್ಕಿ ಕೇಳಿರಲಿಲ್ಲ. ಸೊಸೆಗೆ ಹೇಳಿರಲಿಲ್ಲ. ಮಗನಿಗೆ ಹೇಳಿರಲಿಲ್ಲ. ದೇವರ ಹತ್ತಿರವೂ ತಪ್ಪು ದೇವರದೇ ಅಂತ ಜಗಳವಾಡುವ ಹೆಂಗಸು ಅವಳು.

ಏಣಿಯ ಮೇಲೆ ಕಿಸಕ್ಕಿಗೆ ನಗು ಶುರುವಾಯಿತು.

ಇಳಿದಳು. ಹೊರಗೆ ಬಂದಳು. ಉಳಿದ ಐವರೂ ಹಿಂದೆಯೇ ಬಂದರು. ಮ್ಯಾನೇಜರ್ ಕಂಟ್ರೋಲ್ ರೂಮಿನ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿಕೊಂಡ.

"ಮುಗೀತಾ? ಬೇಗ ಬೀಗ ತೆಗೀರಿ. ಗಾಳಿ ಏಳೋ ಹೊತ್ತಾಯ್ತು."

"ತೆಗ್ಯಲ್ಲ," ಅಂದಳು ಕಿಸಕ್ಕಿ. ನಗುತ್ತಲೇ ಅಂದಳು.

"ಏನಂದೆ?"

"ತೆಗ್ಯಲ್ಲ ಸಾರ್."

ಮ್ಯಾನೇಜರನಿಗೆ ಅದು ತಮಾಷೆ ಅನ್ನಿಸಿತು. ಕುಡಿದಿದ್ದಾಳೆ ಅನ್ನಿಸಿತು. ಅವಳ ಹಿಂದೆ ನಿಂತಿದ್ದ ದೊಡ್ಡಕ್ಕನನ್ನು ನೋಡಿದ. ಆರು ಜನರಲ್ಲಿ ಅವಳೇ ಹಿರಿಯಳು, ಗುಂಪಿನ ಮುಖಂಡೆ, ಮೂರೂ ಹೆರಿಗೆಯ ಮಾರನೇ ದಿನವೇ ಕೆಲಸಕ್ಕೆ ಬಂದವಳು.

"ಇವಳಿಗೆ ಬುದ್ಧಿ ಹೇಳಮ್ಮ."

"ಬುದ್ಧಿ ಇವತ್ತು ಬಂದಿದೆ ಸಾರ್, ನಾನ್ ಯಾಕ್ ಕೆಡಿಸ್ಲಿ?" ಅಂದಳು ದೊಡ್ಡಕ್ಕ. "ನಾನೂ ತೆಗ್ಯಲ್ಲ."

ನಾದಿನಿ ತೆಗೆಯಲ್ಲ ಅಂದಳು. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಸಕ್ಕಿಯ ನಗು ಅಂಟುರೋಗ. ಮೂವರಲ್ಲಿ ಒಬ್ಬಳಿಗೆ ತಗುಲಿತು, ಅವಳಿಂದ ಇನ್ನಿಬ್ಬರಿಗೆ. ಆರು ಹೆಂಗಸರು, ಕೊಯ್ದ ಬೆರಳು, ಒಣಗಿದ ಗಂಟಲು, ಮೆಟ್ಟಿಲ ಬುಡದಲ್ಲಿ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಬೇಡ ಅನ್ನುವ ಮಾತು ಇಷ್ಟು ಸಣ್ಣದು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅದನ್ನು ಬಂಡೆ ಅಂದುಕೊಂಡಿದ್ದರು.

ಗೇಟಿನ ಕಡೆಯಿಂದ ಗುರ್ ಅನ್ನುವ ಸದ್ದು ಬಂತು. ಅತ್ತೆಯ ಮಿಷನ್ನು. ಯಾರೂ ಅತ್ತ ನೋಡದ ಹೊತ್ತಿನಲ್ಲಿ ಕಾವಲುಗಾರ ವೈರು ಒರೆಸಿ ತಂದು ಮತ್ತೆ ಪ್ಲಗ್ ಹಾಕಿದ್ದ.

"ಯಾರೋ ಹಾಕಿದ್ದು?" ಮ್ಯಾನೇಜರ್ ಕೂಗಿದ.

"ಗೊತ್ತಿಲ್ಲ ಸಾರ್. ನಾನು ಗೇಟ್ ಕಾಯ್ತಿದ್ದೆ."

ಹನ್ನೊಂದೂವರೆಗೆ ಕಣಿವೆಯ ಬಾಯಿಂದ ಗಾಳಿ ಎದ್ದಿತು. ಯಾವತ್ತೂ ಅದೇ ಹೊತ್ತಿಗೆ ಏಳುವ ಗಾಳಿ. ಧೂಳನ್ನೆಬ್ಬಿಸಿತು, ಸೆರಗು ಎಳೆಯಿತು, ಮ್ಯಾನೇಜರನ ಕೈಲಿದ್ದ ಕಾಗದ ಕಿತ್ತುಕೊಂಡು ಹೋಯಿತು. ನೂರಿಪ್ಪತ್ತು ಯಂತ್ರಗಳು ರೆಕ್ಕೆಯನ್ನು ಗಾಳಿಗೆ ಅಡ್ಡವಾಗಿಸದೆ ಸುಮ್ಮನೆ ನಿಂತಿದ್ದವು. ಅವು ತಿರುಗಿದರೂ ಕರೆಂಟು ಹೋಗಲು ದಾರಿಯಿರಲಿಲ್ಲ. ದಾರಿಗೆ ಆರು ಬೀಗ ಬಿದ್ದಿತ್ತು.

"ಪೊಲೀಸ್ ಕರೆಸ್ತೀನಿ," ಅಂದ ಮ್ಯಾನೇಜರ್.

"ಕರೆಸಿ ಸಾರ್," ಅಂದಳು ನಾದಿನಿ. "ಆದ್ರೆ ನಾನು ಹೊರಗಿದೀನಿ ಅಂತ ಫೋನಲ್ಲಿ ಹೇಳೋಕೆ ನನ್ ದನಿ ಬೇಕಲ್ಲ? ಇನ್ಸ್‌ಪೆಕ್ಟರಿಗೆ ನನ್ ಥರ ಮಾತಾಡಕ್ ಬರುತ್ತಾ?"

ಮತ್ತೆ ನಗು. ಕೀಲಿಗಳನ್ನು ಕಿತ್ತುಕೊಳ್ಳಿ ಅಂತ ಅವನು ಕಾವಲುಗಾರನಿಗೆ ಹೇಳಿದ್ದೇ ತಡ, ಆರೂ ಜನ ಗೇಟಿಗೆ ಓಡಿದರು. ಕೊರಳಿನ ಕೀಲಿ ತೆಗೆದು ಅತ್ತೆಯ ಮಡಿಲಿಗೆ ಹಾಕಿದರು. ಅತ್ತೆ ಆರನ್ನೂ ಒಂದು ದಾರಕ್ಕೆ ಪೋಣಿಸಿ, ಮ್ಯಾನೇಜರ್ ನೋಡುತ್ತಿರುವಂತೆಯೇ ರವಿಕೆಯೊಳಗೆ ಇಳಿಬಿಟ್ಟಳು. ಮೇಲಿಂದ ಸೆರಗು ಸರಿಮಾಡಿಕೊಂಡಳು.

"ಬನ್ನಿ ಸಾರ್," ಅಂದಳು, ಮೂಗಿನಲ್ಲಿ ಕೊಳವೆ. "ಕಳ್ಳತನದ ಮಾಲು. ಬಂದ್ ತಗೊಳ್ಳಿ."

ಕಾವಲುಗಾರ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು.

ಕಂಟ್ರೋಲ್ ರೂಮಿನ ಫೋನು ಬಡಿದುಕೊಂಡಿತು. ಕಿಟಕಿ ತೆರೆದಿತ್ತು. ಮೆಟ್ಟಿಲ ಹತ್ತಿರ ವಾಪಸು ಬಂದ ಹೆಂಗಸರಿಗೆ ಸ್ಪೀಕರಿನ ಮಾತೆಲ್ಲ ಕೇಳಿಸಿತು. ಗ್ರಿಡ್ ಡೆಸ್ಕಿನ ದನಿ. ಬಳಲಿದ ಗಂಡು ದನಿ.

"ಎಲ್‌ಸಿ ವಾಪಸ್ ಯಾಕ್ ಬಂದಿಲ್ಲ? ಗಂಟೆ ಹನ್ನೆರಡಾಯ್ತು."

"ಸಣ್ಣ ಲೇಬರ್ ಸಮಸ್ಯೆ ಸಾರ್."

"ಗಾಳಿ ಬಂದಿದ್ಯಾ?"

"ಜೋರಾಗೇ ಬಂದಿದೆ ಸಾರ್."

"ನಿಮ್ಮ ಮುನ್ನೂರು ಮೆಗಾವ್ಯಾಟ್ ಬರುತ್ತೆ ಅಂತ ನಾನು ನಿನ್ನೇನೇ ಲೆಕ್ಕ ಹಿಡ್ಕೊಂಡಿದೀನಿ. ಇವತ್ತಿನ ಸೆಕೆಗೆ ಎಲ್ಲ ಊರಲ್ಲೂ ಎ.ಸಿ. ಓಡ್ತಿದೆ. ಎರಡು ಕಲ್ಲಿದ್ದಲು ಘಟಕ ರಿಪೇರಿಗೆ ನಿಂತಿದೆ. ಈಗ ಡ್ಯಾಮ್ ನೀರು ಬಿಟ್ಟು ಸಂಭಾಳಿಸ್ತಿದೀನಿ. ಎಷ್ಟೊತ್ತು ಬಿಡಲಿ?"

"ಬೀಗ ಕಡಿಸ್ಬಿಡ್ತೀನಿ ಸಾರ್."

"ಈ ಮಾತು ರೆಕಾರ್ಡ್ ಆಗಿದೆ. ಕಡಿಸಿದ್ರೆ ನಾನು ಲೈನಿಗೆ ಕರೆಂಟ್ ಬಿಡಲ್ಲ. ಬೀಗ ಹಾಕಿದೋರ ಕೈಗೆ ಫೋನ್ ಕೊಡ್ರೀ."

ಕಿಸಕ್ಕಿ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು. ದಿನಾ ಹೋಗುತ್ತಿದ್ದ ಕೋಣೆಯೇ. ಪೊರಕೆಯಿಲ್ಲದೆ ಹೋದದ್ದು ಇದೇ ಮೊದಲು. ಕೈಗಳನ್ನು ಏನು ಮಾಡುವುದು ಅಂತ ತಿಳಿಯಲಿಲ್ಲ. ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಉರಿಯುತ್ತಿದ್ದವು. ದೇಶ ಉರಿಸುವಷ್ಟನ್ನೇ ದೇಶ ಹುಟ್ಟಿಸಿದರೆ ಅದು ಐವತ್ತು ತೋರಿಸುತ್ತದೆ ಅಂತ ನೆಲ ಒರೆಸುವಾಗ ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. ಈಗ ನಲವತ್ತೊಂಬತ್ತು ಚುಕ್ಕಿ ಒಂಬತ್ತು. ಆ ಅಂಕಿ ಇಳಿಯುತ್ತ ಇತ್ತು. ಅದರಲ್ಲಿ ಒಂದು ಚೂರು ತಾನು ಇಳಿಸಿದ್ದು. ಫೋನು ಹಿಡಿದಳು. ಬಾಯಿಂದ ಹೊರಟದ್ದು ಕಿಸಕ್ ಅನ್ನುವ ನಗು.

"ಯಾಕಮ್ಮಾ ನಗ್ತೀರಿ?"

"ಹೆದ್ರಿಕೆ ಸಾರ್. ನನಗೆ ಹೆದ್ರಿಕೆ ಆದ್ರೆ ಹಿಂಗೇ."

"ಒಳಗೆ ಯಾರಾದ್ರೂ ಸಿಕ್ಕಾಕ್ಕೊಂಡಿದಾರಾ? ಅಪಾಯ ಇದ್ಯಾ?"

"ಯಾರೂ ಇಲ್ಲ ಸಾರ್. ಎಲ್ಲಾ ಹೊರಗೇ ಇದೀವಿ. ಹನ್ನೊಂದು ವರ್ಷದಿಂದ ಹೊರಗೇ ಇದೀವಿ."

ಕೋಣೆಯ ಆಪರೇಟರು ಮುಖ ತಿರುಗಿಸಿಕೊಂಡ.

"ಸಾರ್, ಒಂದು ಮಾತು ಕೇಳ್ತೀನಿ. ನಾವು ಬೀಗ ತೆಗೀದಿದ್ರೆ ಆಸ್ಪತ್ರೆಗಳ ಕರೆಂಟ್ ಹೋಗುತ್ತಾ? ಹಂಗಾದ್ರೆ ಈಗ್ಲೇ ತೆಗೀತೀನಿ."

"ಆಸ್ಪತ್ರೆಗೆ ಹೋಗಲ್ಲ. ಐದು ಗಂಟೆವರೆಗೂ ನೀರಲ್ಲಿ ತಳ್ತೀನಿ. ಆಮೇಲೂ ಕಮ್ಮಿ ಬಿದ್ರೆ ಪಟ್ಟಿ ಪ್ರಕಾರ ಒಂದೊಂದು ತಾಸು ಒಂದೊಂದು ಊರಿಗೆ ಕಟ್ ಮಾಡ್ತೀವಿ."

"ಪಟ್ಟೀಲಿ ನಮ್ ಕೇರಿ ಇದ್ಯಾ ನೋಡಿ ಸಾರ್. ನಿಮ್ ಗಾಳಿಯಂತ್ರದ ಬುಡದಲ್ಲೇ ಇದೀವಿ."

ಕೀಲಿಮಣೆ ಕಟಕಟ ಅಂದಿತು. "ಇಲ್ಲ. ಗುಡ್ಡದ ಮೇಲೆ ಏನೋ ತೋರಿಸ್ತಿದೆ... ಅಲ್ಲಿ ಕನೆಕ್ಷನ್ನೇ ಇಲ್ವಲ್ಲ."

"ಅದೇ ಸಾರ್. ಕಿತ್ಕೊಳ್ಳೋಕೂ ನಮ್ ಹತ್ರ ಏನೂ ಇಲ್ಲ. ನಮ್ಮನ್ನ ಆ ಪಟ್ಟಿಗೆ ಸೇರಿಸಿ. ಕರೆಂಟ್ ಕೊಡೋ ಪಟ್ಟೀಲೂ ಇರ್ಲಿ, ಕಟ್ ಮಾಡೋ ಪಟ್ಟೀಲೂ ಇರ್ಲಿ. ಸೇರಿಸಿದ ಮೇಲೆ ಬೀಗ ತೆಗೀತೀವಿ."

"ಅದು ನನ್ನ ಕೆಲಸ ಅಲ್ಲಮ್ಮ. ನಾನು ದೊಡ್ಡ ಲೈನ್ ನೋಡ್ಕೊಳ್ಳೋನು. ಮನೆಗಳಿಗೆ ಕೊಡೋ ಆಫೀಸೇ ಬೇರೆ."

"ಆ ಆಫೀಸಿಗೆ ನಿಮ್ಮ ಹತ್ರ ಫೋನ್ ಇಲ್ವಾ ಸಾರ್?"

ದನಿ ಒಳ್ಳೆಯ ಮನುಷ್ಯನದೋ ಕೆಟ್ಟವನದೋ ಅವಳಿಗೆ ತಿಳಿಯಲಿಲ್ಲ. ಅವನಿಗೆ ಗಾಳಿ ಬೇಕಿತ್ತು. ಅಷ್ಟಂತೂ ತಿಳಿಯಿತು.

"ಲೈನಲ್ಲೇ ಇರಿ," ಅಂದಿತು ದನಿ.

ಅಷ್ಟರಲ್ಲಿ ಮ್ಯಾನೇಜರ್ ದನಿ ತಗ್ಗಿಸಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. "ನೋಡಮ್ಮ, ನಿಮ್ಮತ್ತೆ ಗೇಟಲ್ಲೇ ಪ್ಲಗ್ ಹಾಕ್ಕೊಳ್ಳಲಿ. ನಾನೇನೂ ಅನ್ನಲ್ಲ. ಒಂದು ಕುರ್ಚಿನೂ ಹಾಕಿಸ್ತೀನಿ. ಒಳ್ಳೇ ಕುರ್ಚಿ. ಈಗ ಬೀಗ ತೆಗೀ."

ಬೆಳಿಗ್ಗೆ ಆಗಿದ್ದರೆ ಅವಳು ಅವನ ಕಾಲಿಗೆ ಬೀಳುತ್ತಿದ್ದಳು. ಕುರ್ಚಿ ಅಂದದ್ದಕ್ಕೆ ಎರಡು ಸಲ ಬೀಳುತ್ತಿದ್ದಳು. ಈಗ ತಲೆಯೊಳಗೆ ಗಾಳಿ ಹೊಕ್ಕಿತ್ತು. ಏಣಿಯ ತುದಿಯಲ್ಲಿ ಒಂದು ಕೈ ಬಿಟ್ಟಾಗ ಆಗುವ ಹಾಗೆ, ಹೊಟ್ಟೆಯೊಳಗೆ ಏನೋ ಹಗುರವಾಗಿ ಮೇಲೆದ್ದಿತ್ತು.

"ಗೇಟಲ್ಲಿ ಬೇಡ ಸಾರ್," ಅಂದಳು. "ಮನೇಲಿ ಬೇಕು. ನಮ್ಮತ್ತೆ ನಮ್ಮನೇಲಿ ಕೂತು ನನ್ನನ್ನ ಬೈಬೇಕು."

ಒಂದು ಗಂಟೆಗೆ ಊರ ಕರೆಂಟ್ ಆಫೀಸಿನ ಲಾರಿ ಬಂತು. ಹನ್ನೊಂದು ವರ್ಷ ಆಗುವುದಿಲ್ಲ ಅಂದವರು ನಲವತ್ತು ನಿಮಿಷದಲ್ಲಿ ಬಂದಿದ್ದರು. ಲೈನ್‌ಮನ್‌ಗಳಲ್ಲಿ ಹಿರಿಯವನು ಉಗ್ರಾಣದ ಹಿಂದೆ ಹೋಗಿ ಗಿಡಗಂಟಿ ಸರಿಸಿ ಕಂಬಗಳನ್ನು ನೋಡಿದ. ತಟ್ಟಿದ. "ಗಟ್ಟಿಯಾಗೇ ಇವೆ," ಅಂದ. "ಕಂಟ್ರೋಲ್ ರೂಮಿಗೆ ಬರೋ ಸಣ್ಣ ಲೈನಿಂದ ಎಳೀಬಹುದು. ಮುಕ್ಕಾಲು ಕಿಲೋಮೀಟರೂ ಇಲ್ಲ. ಗುಂಡಿ ತೋಡೋರು ಬೇಕಲ್ಲ?"

ಗುಂಡಿ ತೋಡುವವರಿಗೆ ಬರವೇ? ಕಿಸಕ್ಕಿ ಗೇಟಿನಾಚೆ ನಿಂತು ಕೇರಿಯ ಕಡೆ ಕೂಗಿದಳು. ಗಾಳಿ ಅವಳ ಕೂಗನ್ನು ಕೆಳಗಿನವರೆಗೂ ಒಯ್ದಿತು. ಹಾರೆ, ಗುದ್ದಲಿ, ತೂತಾದ ಬಾಂಡ್ಲಿ ಹಿಡಿದು ಜನ ಏರಿ ಬಂದರು. ಎಲ್ಲರಿಗಿಂತ ಮೊದಲು ಕೇರಿಯ ಮುದುಕಿಯರು ಬಂದರು, ಏನು ನಡೆಯುತ್ತಿದೆ ಅಂತ ನೋಡಲು. ನೋಡಿದ ಮೇಲೆ ಬಿಟ್ಟು ಹೋಗಲಿಲ್ಲ. ಇಪ್ಪತ್ತು ಜನ ಹಗ್ಗ ಹಿಡಿದು ಕಂಬ ಎಳೆದರು. ದೊಡ್ಡಕ್ಕ ಮುಂದೆ ನಿಂತು ಮ್ಯಾನೇಜರನ ದನಿ ಅಣಕಿಸಿದಳು.

"ಧರ್ಮಛತ್ರಾ ಅಂದ್ಕೊಂಡ್ರಾ?"

"ಹೌದ್ ಸಾರ್!" ಅಂತ ಇಪ್ಪತ್ತು ಬಾಯಿ ಒಟ್ಟಿಗೆ ಕೂಗಿ ಹಗ್ಗ ಜಗ್ಗುತ್ತಿದ್ದವು. ಕಂಬ ಒಂದು ಮಾರು ಸರಿಯುತ್ತಿತ್ತು.

"ಮೂಗಿಗೆ ಹಾಕ್ಕೊಂಡು ಕೂತ್ಕೋತೀರಾ?"

"ಹೌದ್ ಸಾರ್!"

ಗುಂಡಿ ತೋಡಿದವರ ಅಂಗೈ ಬೊಬ್ಬೆಯೆದ್ದು ಒಡೆಯಿತು. ನೆಲದಡಿ ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಇದೇ ಕೈಗಳು ಹನ್ನೊಂದು ವರ್ಷದ ಹಿಂದೆ ಗಾಳಿಯಂತ್ರಗಳಿಗೆ ಗುಂಡಿ ತೋಡಿದ್ದವು. ಆಗ ಯಾರೂ ನಕ್ಕಿರಲಿಲ್ಲ. ಇವತ್ತು ಕೇರಿಗೆ ಕೇರಿಯೇ ಅಮಲೇರಿದಂತಿತ್ತು. ಎರಡು ಗಂಟೆಗೊಮ್ಮೆ, ಮೂರಕ್ಕೊಮ್ಮೆ, ಮೂರೂವರೆಗೊಮ್ಮೆ ಕಂಟ್ರೋಲ್ ರೂಮಿನ ಫೋನು ಬಡಿದುಕೊಂಡಿತು. ಆಪರೇಟರು ಕಿಟಕಿಯಿಂದ ತಲೆ ಹಾಕಿ, "ಡೆಸ್ಕಿನೋರು ಎಷ್ಟನೇ ಕಂಬ ಅಂತ ಕೇಳ್ತಿದಾರೆ," ಅಂತ ಕೂಗುತ್ತಿದ್ದ. ಮುನ್ನೂರು ಮೆಗಾವ್ಯಾಟಿಗಾಗಿ ಕಾದು ಕೂತ ದೇಶ ಒಂದು ಕೇರಿಯ ಕಂಬ ಎಣಿಸುತ್ತಿತ್ತು.

"ಏಳನೇದು ಅನ್ನಿ!"

"ಎಂಟು ಅನ್ನಿ, ಸುಳ್ಳು ಹೇಳಿದ್ರೂ ನಿಲ್ಸೇ ನಿಲ್ಸ್ತೀವಿ!"

ಐದಕ್ಕೆ ಹತ್ತು ನಿಮಿಷವಿತ್ತು. ಒಂಬತ್ತನೆಯ ಕಂಬದಿಂದ ತಂತಿ ಇಳಿದು ಕಿಸಕ್ಕಿಯ ಮನೆಯ ಗೋಡೆಗೆ ಬಂತು. ಮಿಕ್ಕ ಮನೆಗಳಿಗೆ ನಾಳೆ ನಾಡಿದ್ದರಲ್ಲಿ ಅಂದ ಲೈನ್‌ಮನ್. ನಾಡಿದ್ದು ಅಂದರೆ ಯಾವ ವರ್ಷದ್ದು ಅಂತ ದೊಡ್ಡಕ್ಕ ಕೇಳಿದಳು. ಅವನು ಹಲ್ಲು ಕಿರಿದು, ಮನೆಗಳ ಪಟ್ಟಿ ಬರೆದು, ಸಹಿ ಹಾಕಿ, ಅದನ್ನು ಡೆಸ್ಕಿಗೆ ಫೋನಿನಲ್ಲಿ ಓದಿ ಹೇಳಿದ. ನಲವತ್ತೊಂದು ಮನೆ, ಒಂದೂ ಬಿಡದೆ. ರೆಕಾರ್ಡ್ ಆಯಿತು. ಕೇರಿ ಗುಡ್ಡದ ನೆತ್ತಿಯಿಂದ ಬುಡಕ್ಕೆ ಇಳಿದು ಬಂದದ್ದು ನಿಜವಾಗಿ ಅವತ್ತು.

ಮನೆಯಲ್ಲಿ ಬಲ್ಬು ಹತ್ತಿತು ಅಂತ ಕೆಳಗಿನಿಂದ ಕೂಗು ಬಂದ ಮೇಲೆ ಅತ್ತೆ ರವಿಕೆಯೊಳಗೆ ಕೈ ಹಾಕಿದಳು.

ಆರು ಬೀಗ ಒಂದೊಂದೇ ಕಳಚಿದವು. ಆರು ಹೆಂಗಸರು ಒಬ್ಬೊಬ್ಬರೇ ಗಾಜಿನ ಬಾಗಿಲು ದಾಟಿ ಒಳಗೆ ಹೋದರು. ಹಾಜರಿ ಪುಸ್ತಕದ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರೂ ಸೇರಿಸಿ ಹೇಳಿದರು. ನಾನು ಹೊರಗಿದ್ದೇನೆ, ನನ್ನ ಬೀಗ ತೆಗೆದಿದ್ದೇನೆ. ದೊಡ್ಡಕ್ಕ ಮಾತ್ರ ಹೇಳಿ ಮುಗಿಸಿದ ಮೇಲೆ ಫೋನಿಡದೆ, "ಮನೇಲೆಲ್ಲ ಚೆನ್ನಾಗಿದಾರಾ ಸಾರ್?" ಅಂತ ಕೇಳಿದಳು. ಡೆಸ್ಕಿನ ದನಿ ತಬ್ಬಿಬ್ಬಾಗಿ ಚೆನ್ನಾಗಿದ್ದಾರೆ ಅಂದಿತು.

ನೆತ್ತಿಯ ಮೇಲೆ ಮೊದಲನೆಯ ಯಂತ್ರ ರೆಕ್ಕೆ ತಿರುಗಿಸಿ ಗಾಳಿಗೆ ಎದೆಯೊಡ್ಡಿತು. ಆಮೇಲೆ ಪಕ್ಕದ್ದು. ಆಮೇಲೆ ಇಡೀ ಸಾಲು. ಶೌಚಾಲಯದ ಬಾಗಿಲಲ್ಲಿ ಏನು ಬರೆದಿದೆ ಅಂತ ಅವತ್ತು ಯಾರೂ ಓದಲಿಲ್ಲ. ಆರೂ ಜನ ಸಾಲಾಗಿ ನಿಂತು ಹೋಗಿಬಂದರು.

ವಾರದೊಳಗೆ ಆರು ಜನರನ್ನೂ ಕೆಲಸದಿಂದ ತೆಗೆದರು. ಸುರಕ್ಷತಾ ಬೀಗದ ದುರುಪಯೋಗ ಅಂತ ಕಾಗದದಲ್ಲಿ ಬರೆದಿತ್ತು. ಕಾವಲುಗಾರನನ್ನು ಬೇರೆ ಗುಡ್ಡಕ್ಕೆ ಹಾಕಿದರು. ಮ್ಯಾನೇಜರ್ ಅಲ್ಲೇ ಇದ್ದ. ಕಿಸಕ್ಕಿಯೂ ನಾದಿನಿಯೂ ಊರಿನ ಬಸ್ ನಿಲ್ದಾಣದಲ್ಲಿ ಗುಡಿಸುವ ಕೆಲಸ ಹಿಡಿದರು. ದೊಡ್ಡಕ್ಕ ಕಾಗದದ ವಿರುದ್ಧ ಅರ್ಜಿ ಹಾಕಲು ತಿರುಗುತ್ತಿದ್ದಳು. ಆದರೆ ಕಂಬಗಳನ್ನು ಮಲಗಿಸಲು ಯಾರಿಗೂ ಆಗಲಿಲ್ಲ. ಪಟ್ಟಿಯಲ್ಲಿ ಸೇರಿದ ಹೆಸರು ತೆಗೆಯಲು ಡೆಸ್ಕಿಗೆ ಕಾರಣ ಬರೆದುಕೊಡಬೇಕಿತ್ತು. ಬರೆಯಲು ಕಾರಣವಿರಲಿಲ್ಲ. ಹದಿನೈದು ದಿನದಲ್ಲಿ ನಲವತ್ತೊಂದು ಮನೆಗೂ ಮೀಟರು ಬಂತು.

ಮುಂದಿನ ತಿಂಗಳು ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ಕರೆಂಟು ಹೋಯಿತು.

ಫ್ಯಾನು ಎರಡು ಸುತ್ತು ಹಾಕಿ ನಿಂತಿತು. ಅತ್ತೆ ಬೆಳಗಿನ ಆರು ತಾಸು ಮುಗಿಸಿ ಹೊಸ್ತಿಲ ಮೇಲೆ ಕೂತಿದ್ದಳು. ಕೇರಿಯೆಲ್ಲ ಹೊರಗೆ ಬಂತು. ಕಿತ್ತರು, ಸೇಡು ತೀರಿಸಿಕೊಂಡರು ಅಂತಲೇ ಎಲ್ಲರೂ ಅಂದುಕೊಂಡರು. ದೊಡ್ಡಕ್ಕ ಹಾರೆ ತಗೊಂಡು ಹೊರಟೇಬಿಟ್ಟಳು. ನಾದಿನಿ ನೆತ್ತಿಯ ಕಡೆ ನೋಡಿದಳು. ಯಂತ್ರಗಳು ಒಂದೂ ಅಲುಗುತ್ತಿರಲಿಲ್ಲ. ಗಾಳಿ ಬಿದ್ದುಹೋಗಿತ್ತು.

ನಾದಿನಿ ಫೋನ್ ತೆಗೆದು ಕರೆಂಟ್ ಆಫೀಸಿಗೆ ಹಚ್ಚಿದಳು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು.

"ಗಾಳಿ ಕಮ್ಮಿ ಆಗಿದೆ, ಗ್ರಿಡ್ಡಲ್ಲಿ ಲೋಡ್ ಜಾಸ್ತಿ," ಅಂದ ಆಫೀಸಿನ ಗುಮಾಸ್ತ. ಅವನ ದನಿಯಲ್ಲಿ ಅದೇ ಮಾತನ್ನು ಬೆಳಗಿನಿಂದ ನೂರು ಸಲ ಹೇಳಿದ ಬೇಸರವಿತ್ತು. "ಪಟ್ಟಿ ಪ್ರಕಾರ ಒಂದು ತಾಸು ಕಟ್ಟು. ನಿಮ್ಮ ಊರೊಂದೇ ಅಲ್ಲಮ್ಮ. ಪೇಟೆಗೂ ಹೋಗಿದೆ. ಕಂಪನಿ ಕ್ವಾರ್ಟರ್ಸಿಗೂ ಹೋಗಿದೆ."

"ಎಲ್ಲಾರ್ದೂ ಹೋಗಿದ್ಯಾ?" ಅಂದಳು ಕಿಸಕ್ಕಿ.

"ಎಲ್ಲಾರ್ದೂ."

"ನಮ್ಮದೂ ಹೋಗಿದೆ!" ಅಂತ ಅವಳು ಕೇರಿಗೆ ಕೇಳುವಂತೆ ಕೂಗಿದಳು. "ಎಲ್ಲಾರ್ ಜೊತೆ ನಮ್ಮದೂ ಹೋಗಿದೆ!"

ದೊಡ್ಡಕ್ಕ ಹಾರೆ ಎಸೆದಳು. ಕೇರಿ ಹೋ ಅಂದಿತು. ಒಬ್ಬರ ಮನೆಯಿಂದ ಒಬ್ಬರ ಮನೆಗೆ ಕೇಳಿಕೊಂಡರು, ನಿಮ್ಮನೇದು ಹೋಯ್ತಾ, ನಮ್ಮನೇದೂ ಹೋಯ್ತು, ಅಯ್ಯೋ ನಮ್ಮದೂ ಅಂತ. ಪೇಟೆಯವರು ಸಿಡುಕುವ ಮಾತನ್ನು ಇವರು ಕುಣಿಯುತ್ತ ಆಡಿದರು. ನಾದಿನಿಗೆ ಧೈರ್ಯ ಬಂದು ಫೋನಿಗೆ ಬಾಯಿಟ್ಟಳು.

"ಎಂಥಾ ಸರ್ವಿಸ್ ರೀ ಇದು? ಮುಂಚೆ ಹೇಳೋಕ್ಕಾಗಲ್ವಾ? ಹೇಳೋರು ಕೇಳೋರು ಯಾರೂ ಇಲ್ವಾ? ಕಂಪ್ಲೇಂಟ್ ಬರ್ಕೊಳ್ಳಿ!"

ಗುಮಾಸ್ತ ಬರೆದುಕೊಂಡ. ದೊಡ್ಡಕ್ಕ ಫೋನ್ ಕಿತ್ತುಕೊಂಡು ತನ್ನದೂ ಬರೆಸಿದಳು. ಅವಳ ಹಿಂದೆ ಸಾಲು ನಿಂತಿತು. ನಲವತ್ತೊಂದು ಮನೆ, ಒಂದೇ ಫೋನು. ಬಟ್ಟೆ ಒಗೆಯುತ್ತಿದ್ದವರು ಕೈ ಒರೆಸಿಕೊಂಡು ಬಂದರು. ಹದಿಮೂರನೆಯ ದೂರು ಬರೆಯುವಾಗ ಗುಮಾಸ್ತನಿಗೆ ತಡೆಯಲಾಗಲಿಲ್ಲ.

"ಏನ್ರೀ ಅಲ್ಲಿ? ಬೈತಿದೀರೋ ನಗ್ತಿದೀರೋ?"

"ನೀವು ಬರ್ಕೊಳ್ಳಿ ಸಾರ್," ಅಂದಳು ಕಿಸಕ್ಕಿ.

ಅತ್ತೆ ಹೊಸ್ತಿಲ ಮೇಲಿಂದಲೇ ಕೈ ಚಾಚಿದಳು. ಸಾಲಿನವರು ದಾರಿ ಬಿಟ್ಟು ಫೋನನ್ನು ಅವಳ ಕೈಗೆ ತಲುಪಿಸಿದರು. ಅವಳು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಉಸಿರು ಎಳೆದುಕೊಂಡಳು.

"ನಂದೂ ಒಂದು ಬರ್ಕೊಳ್ಳಪ್ಪ," ಅಂದಳು. ಹೆಸರು ಹೇಳಿದಳು. ಮನೆ ನಂಬರು ಹೇಳಿದಳು. ಸೆಕೆ ಎಷ್ಟಿದೆ ಹೇಳಿದಳು. ಫ್ಯಾನು ಎಷ್ಟು ಗಂಟೆಗೆ ನಿಂತಿತು ಹೇಳಿದಳು. ಅಷ್ಟಕ್ಕೇ ಏದುಸಿರು ಬಂತು. ಸುಧಾರಿಸಿಕೊಂಡಳು.

"ಬರ್ಕೊಂಡ್ಯಾ?"

"ಬರ್ಕೊಂಡೆ ಅಜ್ಜಿ."

"ಓದಿ ಹೇಳು."